ಹೆರಿಗೆ ವಾರ್ಡ್ ಕೆಲಸ: ಈ ಸುಸ್ತಿಗೆ ನನ್ನ ಸ್ವಭಾವವೇ ಕಾರಣನಾ?

ಪ್ರಶ್ನೆ:
ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ನಾನು. ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದರೂ ತಲೆಯೆಲ್ಲ ವಾರ್ಡ್‌ನಲ್ಲೇ ಇರುತ್ತದೆ. ಕಿಟಕಿ ಪಕ್ಕದ ಬಾಣಂತಿಯ ಪ್ಯಾಡ್ ಯಾರಾದರೂ ನೋಡಿದ್ರಾ, ಬಿಪಿ ಬರೆದ್ರಾ ಅಂತ ಮಲಗಿದಲ್ಲೇ ಯೋಚನೆ. ಜೊತೆಯವಳು ಬಸ್ ಹತ್ತುವಷ್ಟರಲ್ಲಿ ಎಲ್ಲ ಮರೆತು ನಗುತ್ತಿರುತ್ತಾಳೆ. "ನಿನ್ನ ಸ್ವಭಾವನೇ ಹಂಗೆ, ಬಿಡು" ಅಂತಾರೆ ಇನ್‌ಚಾರ್ಜ್ ಸಿಸ್ಟರ್. ನಿಜಾನಾ?

ಉತ್ತರ, ಚಿಂತಾಮಣಿಯಿಂದ:
ಸ್ವಲ್ಪ ಮಟ್ಟಿಗೆ ನಿಜ. ಬೇಗ ಆತಂಕವಾಗುವವರಲ್ಲಿ, ಕೆಲಸ ಮಾಡಿ ಮಾಡಿ ಮೈಮನಸ್ಸು ಬಸವಳಿಯುವ ಬರ್ನ್‌ಔಟ್ ಜಾಸ್ತಿ ಅಂತ ಅಧ್ಯಯನಗಳು ಹೇಳುತ್ತವೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕೆಲಸದ ಜಾಗದ ಒತ್ತಡದಿಂದ ಬರುವ ಸ್ಥಿತಿ ಅಂತಲೇ ವಿವರಿಸಿತು. ಒಬ್ಬಳೇ ಇಡೀ ವಾರ್ಡ್ ನೋಡಿಕೊಳ್ಳುವಾಗ ಸ್ವಭಾವದ ಮೇಲೆ ಹಾಕಿ ಕೈ ತೊಳೆದುಕೊಳ್ಳೋದು ಸರಿಯಲ್ಲ.

ಉತ್ತರ, ತುಮಕೂರಿನ ನಿವೃತ್ತ ನರ್ಸ್:
ಹೆರಿಗೆಯಾದ ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ, ರಕ್ತಸ್ರಾವ ನೋಡಬೇಕು. ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ಅಂತಲೂ ನೋಡಬೇಕು. ಅದಕ್ಕೆ ನಿನ್ನಂಥವಳೇ ಬೇಕಮ್ಮ. ಆ ಗುಣ ಬಿಡಬೇಡ. ಚಾರ್ಜ್ ಕೊಡುವಾಗ ಮೇಜಿನ ಹತ್ತಿರ ನಿಂತು ಹೇಳಬೇಡ. ಮುಂದಿನ ಶಿಫ್ಟಿನವಳನ್ನು ಹಾಸಿಗೆ ಹಾಸಿಗೆಗೂ ಕರೆದುಕೊಂಡು ಹೋಗು, ಪ್ಯಾಡ್ ಇಬ್ಬರೂ ನೋಡಿ, ಕೇಸ್ ಶೀಟಲ್ಲಿ ಟೈಮ್ ಹಾಕು. ಆಮೇಲೆ ಅದು ಅವಳ ಜವಾಬ್ದಾರಿ.

ಉತ್ತರ, ಮಾಲೂರಿನಿಂದ:
ನಿದ್ದೆಯೇ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಕ್ಕ. ಬೆಳಗಿನ ಶಿಫ್ಟಿನವರು ಲೇಟಾಗಿ ಬಂದು ಅವಸರ ಮಾಡಿದರೆ ಏನು ಹೇಳಲಿ?