ಸಹಾಯ ಬೇಕು: ಲಾಫ್ಟ್ ಕನ್ವರ್ಷನ್‌ಗೆ (ಅಟ್ಟವನ್ನು ರೂಮು ಮಾಡಿಸೋಕೆ) ಒಟ್ಟು ಎಷ್ಟು ಸಮಯ ಹಿಡಿಯುತ್ತದೆ?

ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮದು ಸೆಮಿ ಡಿಟ್ಯಾಚ್ಡ್ ಮನೆ. ಅಟ್ಟಕ್ಕೆ ಹಿಂಬದಿ ಡಾರ್ಮರ್ (ಇಳಿಜಾರು ಛಾವಣಿಯಿಂದ ಹೊರಚಾಚುವ ಕಿಟಕಿಯ ಭಾಗ) ಹಾಕಿಸಿ ಒಂದು ರೂಮು, ಶವರ್ ಮಾಡಿಸಬೇಕು. ಬಿಲ್ಡರ್ ಎಂಟು ವಾರ ಸಾಕು ಅಂತಾರೆ. ಅದು ಸ್ಕ್ಯಾಫೋಲ್ಡಿಂಗ್ ನಿಂತ ಮೇಲಿನ ಲೆಕ್ಕ ಅಲ್ವಾ?

ಸ್ಟೀಲ್ ಬೀಮ್ ಪಕ್ಕದ ಮನೆಗೂ ಸೇರಿದ ಗೋಡೆಯ ಮೇಲೆ ಕೂರಬೇಕು. ಅದಕ್ಕೆ ಪಕ್ಕದವರಿಗೆ ಪಾರ್ಟಿ ವಾಲ್ (ಇಬ್ಬರಿಗೂ ಸೇರಿದ ಗೋಡೆ) ನೋಟಿಸ್ 2 ತಿಂಗಳು ಮುಂಚೆಯೇ ಕೊಡಬೇಕು. ಪಕ್ಕದವರು 14 ದಿನದಲ್ಲಿ ಒಪ್ಪಿಗೆ ಬರೆದು ಕೊಡದಿದ್ದರೆ ಈ ಗೋಡೆ ವಿಷಯ ಇತ್ಯರ್ಥ ಮಾಡೋ ಸರ್ವೇಯರ್ ಬರಬೇಕು, ಅದರ ಖರ್ಚೂ ಸಾಮಾನ್ಯವಾಗಿ ನಮ್ಮ ತಲೆಗೇ. ಅಟ್ಟದಲ್ಲಿ ಹೊಸದಾಗಿ ಸೇರುವ ಜಾಗ 50 ಘನ ಮೀಟರ್ ಒಳಗಿದ್ದರೆ ಹೆಚ್ಚಾಗಿ ಪ್ಲಾನಿಂಗ್ ಪರ್ಮಿಷನ್ ಬೇಡ, ಸದ್ಯ!

ಜೂನ್‌ನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಾರೆ. ಅಮ್ಮನಿಗೆ ಧೂಳು ಕಂಡರೆ ಆಗಲ್ಲ. ಮಾಡಿಸಿದವರು ದಯವಿಟ್ಟು ಹೇಳಿ. ನೋಟಿಸ್ ಕೊಟ್ಟಲ್ಲಿಂದ ಕಂಪ್ಲೀಷನ್ ಸರ್ಟಿಫಿಕೇಟ್ (ಕೆಲಸ ನಿಯಮದ ಪ್ರಕಾರ ಮುಗಿದಿದೆ ಅನ್ನೋ ಪತ್ರ) ಕೈಗೆ ಬರುವವರೆಗೆ ಎಷ್ಟಾಯಿತು? ಮೆಟ್ಟಿಲಿಗಾಗಿ ಸೀಲಿಂಗ್ ಒಡೆಯುವಾಗ ಮನೆಯಲ್ಲೇ ಇದ್ದಿರಾ?