ವೃದ್ಧಾಶ್ರಮದ ಆಯಾಗೋಳು ಪಗಾರ ಕೇಳಿದ್ರ ‘ಸೇವಾ’ ಅಂತೀರಲ್ಲ, ಯಾಕ?

ಖಾನಾಪುರ ರೋಡ್: ನಮ್ಮ ಚಿಕ್ಕಮ್ಮ ಬೆಳಗಾವಿಯ ಒಂದು ವೃದ್ಧಾಶ್ರಮದಾಗ ಆಯಾ. ರಾತ್ರಿ ಪಾಳಿಗೆ ಹಾಸಿಗಿ ಹಿಡಿದವ್ರ ಕೋಣಿಗೆ ಅಕಿ ಒಬ್ಬಾಕಿನೇ. ಎರಡು ತಾಸಿಗೊಮ್ಮೆ ಎಲ್ಲಾರ ಮಗ್ಗಲಾ ಬದಲಿಸಬೇಕು, ಇಲ್ಲಾಂದ್ರ ಟೊಂಕದ ಮ್ಯಾಲ ಹುಣ್ಣು ಬೀಳತಾವ. ಕಡೀ ಹಾಸಿಗಿ ಮುಗಿಸೂದ್ರಾಗ ಮೊದಲನೇದಕ್ಕ ಮತ್ತ ಹೊತ್ತಾಗಿರತೈತಿ. ಪಗಾರ ಹೆಚ್ಚು ಮಾಡ್ರಿ ಅಂದ್ರ ಟ್ರಸ್ಟಿನವ್ರು “ಇದು ಪುಣ್ಯದ ಕೆಲಸ” ಅಂತಾರ. ಪುಣ್ಯಾ ಕೊಟ್ಟು ಹುಡುಗರ ಫೀ ಕಟ್ಟಾಕ ಬರತೈತೇನು?

ಜಮಖಂಡಿ ಹಿರಿಯ: ಪುಣ್ಯದ ಬಗ್ಗೆ ಹಗುರ ಮಾತಾಡಬ್ಯಾಡ್ರಿ. ಬರೇ ರೊಕ್ಕಕ್ಕಂತ ಬಂದವ್ರ ಕೈಯಾಗ ಮುದುಕರ ಗತಿ ಏನು? ಮೊಬೈಲ್ ನೋಡ್ಕೋಂತ ಅನ್ನ ಉಣಸೂದು ನಾನೇ ಕಂಡೀನಿ.

ನವನಗರ ನರ್ಸ್: ಮೊಬೈಲ್ ಅಷ್ಟೇ ಕಂಡ್ರೇನ್ರಿ? ನಾನು ಬಾಗಲಕೋಟೆಯೊಳಗ ಈ ಕೆಲಸ ಮಾಡೀನಿ. ಮರೆವಿನ ರೋಗದ ಅಜ್ಜಾರಿಗೆ ಜಳಕಾ ಮಾಡಸಾಕ ಹೋದ್ರ, ಕಳ್ಳಿ ಬಂದಾಳಂತ ತಂಬಿಗಿಲೆ ಹೊಡದ್ರು. ಹಣಿ ಬಾತಿತ್ತು. ಸಂಜೀಕ ಅವರೇ, ನೀನೇ ಉಣಸು ಅಂತ ಹಟಾ ಹಿಡಿದ್ರು. ಅವರ ಮ್ಯಾಲ ನನಗ ಸಿಟ್ಟಿಲ್ಲ. ಇಂಥವ್ರನ್ನ ಹೆಂಗ ಸಂಭಾಳಿಸಬೇಕಂತ ನಮಗ ಯಾರೂ ಹೇಳಿಕೊಡಲಿಲ್ಲ, ಸಿಟ್ಟು ಅದಕ್ಕ.

ಪುಣೆಯಾಗಿನ ವಿಜಯಪುರದಾವ: ಹೊಡದದ್ದು ಹೇಳಿದ್ರಿ, ಆಯಾಗೋಳು ಅವರ ಕೈ ಕಟ್ಟಿ ಹಾಕೂದು ಹೇಳಲಿಲ್ಲ. ನಮ್ಮ ತಂದೆಯವ್ರು ವಿಜಯಪುರದ ಒಂದು ಹೋಮಿನ್ಯಾಗ ಅದಾರ. ತಿಂಗಳಾ ತಿಂಗಳಾ ಫೀ ಕಟ್ತೀನಿ. ಆದ್ರೂ ಬಂದಾಗೊಮ್ಮೆ ಆಯಾನ ಕೈಯಾಗ ಐನೂರು ಇಡಬೇಕು.

ನವನಗರ ನರ್ಸ್: ಕಟ್ಟಿದ್ದು ಖರೇನ ಕಂಡಿದ್ರ ಹಿರಿಯರ ಸಹಾಯವಾಣಿ 14567ಕ್ಕ ಫೋನ್ ಮಾಡ್ರಿ. ಇನ್ನ “ಬಂದಾಗೊಮ್ಮೆ” ಅಂದ್ರಲ್ಲ, ಕಡೀ ಸಲ ಯಾವಾಗ ಬಂದಿದ್ರಿ?

ಪುಣೆಯಾಗಿನ ವಿಜಯಪುರದಾವ: ಅದನ್ನ ಕೇಳಾಕ ನೀವ್ಯಾರು?

ಜಮಖಂಡಿ ಹಿರಿಯ: 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಓದ್ರಿ ತಮ್ಮಾ. ನೋಡಿಕೊಳ್ಳಬೇಕಾದವ್ರು ಹಿರಿಯರನ್ನ ಕೈಬಿಟ್ಟು ಹೋದ್ರ ಮೂರು ತಿಂಗಳತನಕ ಜೈಲು ಐತಿ.

ಪುಣೆಯಾಗಿನ ವಿಜಯಪುರದಾವ: ಕೈಬಿಟ್ಟಿಲ್ಲ!! ಫೀ ಕಟ್ಟಿದ ಒಂದೊಂದು ಪಾವತಿ ನನ್ನ ಹಂತ್ಯಾಕ ಐತಿ. ನನ್ನ ಕೆಲಸ ಪುಣೆಯಾಗ ಐತಿ, ತಂದೆಯವ್ರು ಊರು ಬಿಟ್ಟು ಬರಾಕ ಒಲ್ಲೆ ಅಂತಾರ. ನಾ ಏನ್ ಮಾಡ್ಲಿ?

ನವನಗರ ನರ್ಸ್: ಪಾವತಿ ಮಗ್ಗಲಾ ಬದಲಿಸೂದಿಲ್ರಿ. ನಿಮ್ಮ ತಂದೆಯವ್ರು ರಾತ್ರಿ ನಿಮ್ಮ ಹೆಸರು ಕರಕೊಂತ ಎದ್ದ್ರ “ಬರ್ತಾನ ಮಲಕೋರಿ” ಅನ್ನಾಕಿ ಅದೇ ಆಯಾ.

ಪುಣೆಯಾಗಿನ ವಿಜಯಪುರದಾವ: ಅದೇ ಆಯಾ ಐನೂರು ಕೇಳಿ ಇಸಗೊಂತಾಳ. ಲಂಚ ಅದು.

ನವನಗರ ನರ್ಸ್: ನನಗೂ ಕೊಡಾಕ ಬಂದಿದ್ರು, ನಾ ಮುಟ್ಟಲಿಲ್ಲ. ಹೊಟ್ಟಿ ತುಂಬೋ ಪಗಾರ ಇದ್ದ್ರ ಯಾರೂ ಕೈ ಒಡ್ಡೂದಿಲ್ಲ.

ಜಮಖಂಡಿ ಹಿರಿಯ: ದೊಡ್ಡ ಪಗಾರದವ್ರೂ ಕೈ ಒಡ್ಡತಾರವಾ. ಅದು ಸಂಸ್ಕಾರದ ಮಾತು.

ಕಾಯ್ದೆ ಕಾಕಾ: ಐನೂರು ಬಿಡ್ರಿ ಇನ್ನ. 1978ರಾಗ ಬೆಂಗಳೂರು ನೀರು ಸರಬರಾಜು ಮಂಡಳಿ ಪ್ರಕರಣದೊಳಗ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಸ್ಪಷ್ಟ ಹೇಳಿತ್ತು: ಪಗಾರ ಕೊಟ್ಟು ವ್ಯವಸ್ಥಿತವಾಗಿ ಕೆಲಸ ಮಾಡಿಸಿದ್ರ ಧರ್ಮಾರ್ಥ ಸಂಸ್ಥೇನೂ, ಕೆಲಸಗಾರರ-ಮಾಲಕರ ತಂಟೆ ಬಗೆಹರಿಸೋ ಕೈಗಾರಿಕಾ ವಿವಾದ ಕಾಯ್ದೆಯೊಳಗ ಬರಬಹುದು ಅಂತ. ಆ ಕಾಯ್ದೆ 2025ರ ನವೆಂಬರ್‌ತನಕ ಜಾರಿಯೊಳಗಿತ್ತು.

ಜಮಖಂಡಿ ಹಿರಿಯ: ಅರ್ಧಾ ಹೇಳಿದ್ರಿ. ಸಣ್ಣ ಗೌರವಧನಕ್ಕ, ಧ್ಯೇಯಕ್ಕಂತ ದುಡಿಯೋ ಆಶ್ರಮವಾಸಿಗಳ ಸಂಸ್ಥೆಗೆ ಅದೇ ತೀರ್ಪು ವಿನಾಯಿತಿ ಕೊಟ್ಟಿತ್ತು.

ಖಾನಾಪುರ ರೋಡ್: ಯಾವ ಗೌರವಧನ? ಚಿಕ್ಕಮ್ಮಗ ಹಾಜರಿ ಪುಸ್ತಕ ಐತಿ, ಪಾಳಿ ಐತಿ. ಜ್ವರ ಬಂದು ಮನ್ಯಾಗ ಮಲಗಿದ್ದಕ್ಕ ಪಗಾರ ಮುರಕೊಂಡಾರ. ಧ್ಯೇಯಕ್ಕ ಬಂದಾಕಿಗೆ ಯಾರ್ ಹಂಗ ಮುರಕೊಂತಾರ?

ಕಾಯ್ದೆ ಕಾಕಾ: ಇಎಸ್‌ಐ, ಅಂದ್ರ ಕೆಲಸಗಾರರ ಸರ್ಕಾರಿ ವಿಮಾ, ಐತೇನು ಕೇಳ್ರಿ. ಅನ್ವಯ ಆಗೋ ಸಂಸ್ಥೆಯೊಳಗ ತಿಂಗಳಾ 21,000ದೊಳಗ ಪಗಾರ ಇದ್ದವ್ರಿಂದ ಪಗಾರದ ಶೇ 0.75, ಮಾಲಕರಿಂದ ಶೇ 3.25 ವಿಮಾಕ್ಕ ತುಂಬಬೇಕು. ಮುದುಕರನ್ನ ಎತ್ತಿ ಇಳಿಸಿ ಬೆನ್ನು ಹೋದ್ರ ದವಾಖಾನಿ ಖರ್ಚರ ಉಳಿತೈತಿ.

ಪುಣೆಯಾಗಿನ ವಿಜಯಪುರದಾವ: ಆ ಶೇ 3.25 ನಮ್ಮ ಫೀ ಮ್ಯಾಲೇ ಬೀಳತೈತಿ.

ನವನಗರ ನರ್ಸ್: ಬೀಳ್ಲಿ. ನಿಮ್ಮ ತಂದೆಯವ್ರನ್ನ ಎತ್ತಾಕಿ ಬೆನ್ನು ಅದು.

ಪುಣೆಯಾಗಿನ ವಿಜಯಪುರದಾವ: ಐನೂರಕ್ಕ ಇನ್ನೂ ಉತ್ತರ ಬರಲಿಲ್ಲ.

ಖಾನಾಪುರ ರೋಡ್: ಕಾಕಾರ, ಹಾಜರಿ ಪುಸ್ತಕದ ಫೋಟೊ ತಗಸಿ ಇಟ್ಟೀನಿ. ಕಾರ್ಮಿಕ ಇಲಾಖೆಗೆ ಅರ್ಜಿ ಬರಿಯೂದು ಹೆಂಗ, ಹೇಳ್ರಿ.