ಸ್ಪ್ಯಾನಿಶ್‌ನ 'ಸೆ', ನಮ್ಮ 'ಕೊಳ್ಳು': ಎಲ್ಲಿತನಕ ಹೊಂದತಾವು?

ನಮಸ್ಕಾರ್ರೀ ಎಲ್ಲಾರಿಗೂ. ಬೆಳಗಾವಿಯಿಂದ ಬರ್ಯಾಕತ್ತೀನಿ. ನಮ್ಮಕ್ಕನ ಮಗಳು ಸ್ಪ್ಯಾನಿಶ್ ಕಲ್ಯಾಕತ್ತಾಳ, ಅಕಿ ಜೋಡಿ ನಾನೂ ಕಲೀತೀನಿ, ಅಕಿಗೆ ಕನ್ನಡದಾಗ ನೋಟ್ಸ್ ಬರದ ಕೊಡತೀನಿ. ಈಗ ರಿಫ್ಲೆಕ್ಸಿವ್ ವರ್ಬ್ ನಡದಾವು, ಅಂದ್ರ ಮಾಡಿದ ಕೆಲಸಾ ಮಾಡಿದವಗನ ತಿರುಗಿ ಬರೋ ಕ್ರಿಯಾಪದ; ಸ್ಪ್ಯಾನಿಶ್‌ನಾಗ ಅದರ ಜೋಡಿ 'ಸೆ' ಬರತೈತಿ, 'ನಾನು' ಅಂದಾಗ ಅದು 'ಮೆ' ಆಗತೈತಿ.

ಇಂಗ್ಲಿಷಿನಿಂದ ಕಲಿಸೋವ್ರು 'ನನ್ನನ್ನ ನಾನ' ಅಂತ ಎಳದಾಡಿ ತಿಳಿಸ್ತಾರ. ನಮಗ ಅದರ ಜರೂರಿನ ಇಲ್ಲ, ನಮ್ಮಲ್ಲಿ 'ಕೊಳ್ಳು' ಐತಲ್ಲ. 'ಲಾವೊ ಎಲ್ ಕೋಚೆ' ಅಂದ್ರ ಕಾರು ತೊಳೀತೀನಿ, 'ಮೆ ಲಾವೊ ಲಾಸ್ ಮಾನೋಸ್' ಅಂದ್ರ ಕೈ ತೊಳಕೋತೀನಿ. ಇಲ್ಲಿ ಅವ್ರು 'ನನ್ನ ಕೈ' ಅನ್ನೂದಿಲ್ರಿ, ಬರೇ 'ಕೈ' ಅಂತಾರ, ಯಾರ ಕೈ ಅನ್ನೂದನ್ನ ಆ 'ಮೆ' ಹೇಳತೈತಿ, ನಾವೂ 'ನನ್ನ ಕೈ ತೊಳಕೊಂಡೆ' ಅಂತ ಎಲ್ಲಿ ಅಂತೀವಿ? 'ಮೆ ಪೊಂಗೊ ಲಾ ಕಮೀಸಾ' ಅಂದ್ರ ಅಂಗಿ ಹಾಕ್ಕೋತೀನಿ. ಇಲ್ಲಿ ಮರಾಠಿ ಬಲ್ಲವ್ರಿಗೆ 'ಹಾತ್ ಧುವೂನ್ ಘೇ' ಸಹಿತ ನೆನಪಾಗತೈತಿ, ಅಲ್ಲೂ 'ತೊಗೊ' ಅನ್ನೋ ಕ್ರಿಯಾಪದಾನ ಈ ಕೆಲಸಾ ಮಾಡತೈತಿ. 'ಸೆ ಪೆಗಾರೋನ್' ಅಂತೂ ನಮ್ಮ 'ಹೊಡದಾಡಕೊಂಡ್ರು', ಒಬ್ಬರಿಗೊಬ್ಬರು ಅನ್ನೂದೂ ಅದರಾಗ ಬಂತು.

ಫರಕು ಅಂದ್ರ, ನಮ್ಮ 'ಕೊ' ಯಾವಾಗ್ಲೂ ಹಿಂದನ ಬರತೈತಿ, ನಾನು, ನೀನು, ಅವ ಅಂತ ಆಳು ಬದಲಾದ್ರೂ ತಾ ಬದಲಾಗೂದಿಲ್ಲ. ಅವ್ರದು ಮೆ, ತೆ, ಸೆ, ನೋಸ್, ಓಸ್ ಅಂತ ಬದಲಾಗತೈತಿ, ಮತ್ತ ಜಾಗಾನೂ ಬದಲಸ್ತೈತಿ: ತೊಳಕೋ ಅನ್ನಾಕ 'ಲಾವಾತೆ', ತೊಳಕೋಬ್ಯಾಡ ಅನ್ನಾಕ 'ನೋ ತೆ ಲಾವೆಸ್'.

ಇನ್ನ ಹೊಂದಲಾರದವು. 'ದೊರ್ಮಿರ್' ಅಂದ್ರ ಮಲಗೂದು, ನಿದ್ದಿ ಮಾಡೂದು, 'ದೊರ್ಮಿರ್ಸೆ' ಅಂದ್ರ ನಿದ್ದಿ ಹತ್ತೂದು. ನಮ್ಮಲ್ಲಿ 'ಮಲಕೊಂಡ' ಅಂದ್ರ ನಿದ್ದಿ ಹತ್ತೇತಿ ಅಂತ ಗ್ಯಾರಂಟಿ ಇಲ್ಲ, 'ಅವಗ ನಿದ್ದಿ ಹತ್ತಿತು' ಅಂತ ಬ್ಯಾರೇನ ಹೇಳಬೇಕು. 'ವೋಯ್ ಆ ಮದ್ರಿದ್' ಅಂದ್ರ ಮದ್ರಿದ್‌ಗೆ ಹೋಗತೀನಿ, ಬರೇ 'ಮೆ ವೋಯ್' ಅಂದ್ರ ಹೊಂಟೆ, ಇಲ್ಲಿಂದ ಎದ್ದೆ ಅಂತ. ಇಲ್ಲಿ ಕೊಳ್ಳು ಬರೂದಿಲ್ಲ. 'ಕೆಹಾರ್ಸೆ', ಅಂದ್ರ ಗೊಣಗೂದು, ದೂರೂದು, ಅದಂತೂ ಈ ಬಾಲ ಬಿಟ್ಟು ಇರೂದನ ಇಲ್ಲ, ನಮ್ಮ ಗೊಣಗೂದಕ್ಕ ಬಾಲ ಬೇಕಾಗೂದಿಲ್ಲ.

ಆದ್ರ 'ಸೆ ಮೆ ಒಲ್ವಿದೋ' ನೋಡಿ ನನಗ ಭಾಳ ಖುಷಿ ಆತು. 'ನಾ ಮರತೆ' ಅಲ್ಲ, 'ನನಗ ಮರತ ಹೋತು'! ತಪ್ಪನ್ನ ಆ ವಸ್ತುವಿನ ಮ್ಯಾಲ ಹಾಕೋ ಈ ಗತ್ತು ಎರಡೂ ಭಾಷಾದಾಗ ಐತಿ, ಆದ್ರ ಅಲ್ಲಿ 'ಸೆ', ಇಲ್ಲಿ ಬರೇ 'ನನಗ'. ಅಂದ್ರ ಅವರ 'ಸೆ' ಮಾಡೋ ಕೆಲಸಾ ನಾವು ಕೊಳ್ಳು, ವಿಭಕ್ತಿ, ಬ್ಯಾರೆ ಕ್ರಿಯಾಪದ ಹಿಂಗ ಹಂಚಿ ಹಾಕೇವಿ ಅಂತ ನನಗ ಅನಸತೈತಿ.

ಈಗ ಕೇಳೂದು. ನೋಟ್ಸಿನಾಗ ಈ ರಿಫ್ಲೆಕ್ಸಿವ್ ವರ್ಬಿಗೆ ಕನ್ನಡದಾಗ ಏನ್ ಹೆಸರು ಬರೀಲಿ? ತಾನು, ತಾವು ಅನ್ನೂದಕ್ಕ ಆತ್ಮಾರ್ಥಕ ಸರ್ವನಾಮ ಅಂತೀವಿ, ಹಂಗಾದ್ರ 'ಆತ್ಮಾರ್ಥಕ ಕ್ರಿಯಾಪದ' ಸಾಕೇನ್ರಿ? ಇನ್ನ ನಮ್ಮ ಕಡೆ 'ಹಾಡಕೋತ ಹೋದ', 'ಅಳಕೋತ ಬಂದ್ಳು' ಅಂತೀವಲ್ಲ, ಆ 'ಕೋತ' ಕೊಳ್ಳುವಿನಿಂದನ ಬಂದದ್ದಾದ್ರ ಅಲ್ಲಿ 'ತನಗ' ಅನ್ನೋ ಅರ್ಥ ಯಾಕ ಉಳದಿಲ್ಲ? ಬಾಗಲಕೋಟಿ, ವಿಜಯಪುರದ ಕಡೆಯವ್ರು ನಿಮ್ಮ ಮಾತಿನ ಉದಾಹರಣೆ ಹಾಕ್ರಿ, ವಿಶೇಷವಾಗಿ ನಿದ್ದಿ ಹತ್ತೂದಕ್ಕ.